ಪುಣೆಯಾಗ ಕನ್ನಡ ಕ್ರೈಸ್ತ ಸಭೆ ಶುರು ಮಾಡಬೇಕು ಅನ್ನಿಸ್ತಾ ಅದ. ಇದು ದೇವರ ಕರೆಯೋ, ನನ್ನ ಆಸೆಯೋ?

ಬೀದರ್–ಭೋಸರಿ

ಎಲ್ಲರಿಗೂ ವಂದನೆಗಳು. ಬರೀತಾ ಬರೀತಾ ಉದ್ದ ಆಗ್ಯಾದ, ತಾಳ್ಮೆ ಇಟ್ಟು ಓದ್ರಿ.

ನಾನು ಬೀದರ್ ಜಿಲ್ಲಾದವ. ಹದಿನಾರು ವರ್ಷ ಆಯ್ತು, ಪುಣೆ ಹತ್ತಿರದ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಾಗ ಸಿಎನ್‌ಸಿ ಮಷೀನ್ ಮ್ಯಾಲ ಕೆಲಸ. ದಿಘಿ ಕಡೆ ಚಾಳಿನಾಗ ಒಂದು ಖೋಲಿ, ಹೆಂಡತಿ, ಎರಡು ಮಕ್ಕಳು. ನಮ್ಮಜ್ಜನ ಕಾಲದಿಂದ ನಾವು ಮೆಥಡಿಸ್ಟ್ ಸಭೆಯವರು. ಇಲ್ಲಿ ಮನೆ ಹತ್ತಿರದ ಮರಾಠಿ ಸಭೆಗೆ ಹೋಗ್ತೀವಿ. ಮಂದಿ ಒಳ್ಳೆಯವರು, ಮಗಳ ದೀಕ್ಷಾಸ್ನಾನ ಅಲ್ಲೇ ಆಯ್ತು. ದೂರೇನಿಲ್ಲ.

ಹೋದ ವರ್ಷ ದಸರಾ ಹಿಂದಿನ ರಾತ್ರಿ ಫೋನ್ ಬಂತು. ನಮ್ಮ ಕಡೆಯ ಗೌಂಡಿ ಹುಡುಗ ಒಬ್ಬ ಮೋಶಿಯಾಗ ನಾಲ್ಕನೇ ಸ್ಲ್ಯಾಬಿನಿಂದ ಬಿದ್ದಾನ, ದವಾಖಾನೆಯಾಗ ಮರಾಠಿ ಕಾಗದ ಓದಿ ಹೇಳಾಕ ಯಾರೂ ಇಲ್ಲ, ಬಾ ಅಂದ್ರು. ಹೋದೆ. ಬೆಳಗಿನ ಜಾವ ತೀರಿಕೊಂಡ. ಶವಾಗಾರದ ಹೊರಗ ಅವನ ಹೆಂಡತಿ ಕಟ್ಟಿ ಮ್ಯಾಲ ಕುಂತಿದ್ದಳು, ಮಡಿಲಾಗ ಕೂಸು. ಅಳ್ತಿರಲಿಲ್ಲ. ನನ್ನ ಮೊಬೈಲ್ ಹಿಂದಿನ ಶಿಲುಬೆ ಸ್ಟಿಕ್ಕರ್ ನೋಡಿ, 'ಅಣ್ಣಾ, ನೀ ನಮ್ಮವನೇನು? ಒಂದು ಹಾಡು ಹಾಡು' ಅಂದಳು. ಊರಾಗ ಸಾವಿನ ಮನಿಯಾಗ ಹಾಡ್ತೀವಲ್ಲ, ಅದನ್ನ ಎತ್ತಿಕೊಂಡೆ. ಎರಡು ಚರಣ ಬಂತು. ಮೂರನೇದು ಬರಲಿಲ್ಲ. ಹದಿನಾರು ವರ್ಷ ಮರಾಠಿ ಹಾಡಿ ಹಾಡಿ ಅಳಿಸೇ ಹೋಗ್ಯಾದ. ಮತ್ತ ಮೊದಲನೇದೇ ಹಾಡಿದೆ. ಆಕಿಗೆ ಗೊತ್ತಾಯ್ತು, ಏನೂ ಅನ್ನಲಿಲ್ಲ.

ಅವತ್ತಿನಿಂದ ಒಂದೇ ಗುಂಗು. ಮೋಶಿ, ಚಿಖಲಿ, ಚಾಕಣ ತನಕ ನಮ್ಮ ಮಂದಿ ಎಷ್ಟೋ ಅದಾರ. ಬೀದರ್, ಕಲಬುರಗಿ, ಯಾದಗಿರಿ, ವಿಜಯಪುರ. ಅವರೊಳಗ ಊರಾಗ ಸಭೆಗೆ ಹೋಗ್ತಿದ್ದವರೂ ಅದಾರ, ಇಲ್ಲಿ ಎಲ್ಲಿಗೂ ಹೋಗಲ್ಲ. ದರ್ಶನ ಗಿರ್ಶನ ನಾನು ಕಂಡಿಲ್ಲ, ಧ್ವನಿ ಕೇಳಿಲ್ಲ, ಸುಳ್ಳು ಯಾಕ ಹೇಳಲಿ. ಚಾಕಣ ರಸ್ತೆಗೆ ಒಂದು ಪತ್ರಾ ಶೆಡ್ ನೋಡೀನಿ. ತಿಂಗಳಿಗೆ ಒಂಬತ್ತು ಸಾವಿರ, ಡಿಪಾಸಿಟ್ ಐವತ್ತು. ಪಿಎಫ್ ತೆಗೆದ್ರ ಎರಡು ವರ್ಷ ನಡೀತದ. ಕೆಲಸ ಬಿಟ್ಟು ಪೂರ್ತಿ ಸೇವೆಗೆ ಇಳೀಲೇನು? ಇದು ಕರೆ ಹೌದೋ ಅಲ್ಲೋ ಹ್ಯಾಂಗ ತಿಳೀತದ?

ಸ್ತುತಿ ಸ್ತೋತ್ರ

ಇಳಿದುಬಿಡಿ ಬ್ರದರ್! ಕರೆದವನು ನಂಬಿಗಸ್ತನು. ಪೇತ್ರ ದೋಣಿಯಿಂದ ಇಳಿಯುವ ಮುಂಚೆ ನೀರಿನ ಆಳ ಅಳೆದನೇ?

ಹಿಂದೆ ಪಾಸ್ಟರಮ್ಮ

ಅದೇ ಅಧ್ಯಾಯದಲ್ಲಿ ಪೇತ್ರ ಮುಳುಗಿದ್ದನ್ನೂ ಓದಿ ಬ್ರದರ್.

ಬೀದರಿನ ಅಣ್ಣಾ, ನನ್ನ ಮಾತು ಕಹಿ ಅನ್ನಿಸಬಹುದು. ನಮ್ಮ ಮನೆಯವರೂ ಹೀಗೇ ಇಳಿದರು. ಮುಂಬೈ ಹತ್ತಿರದ ಉಪನಗರ, ಒಳ್ಳೆ ಕಂಪನಿ ಕೆಲಸ, ಪಿಎಫ್ ತೆಗೆದು ಹಾಲ್ ಹಿಡಿದರು. ಮೊದಲ ವರ್ಷ ಚೆನ್ನಾಗೇ ಇತ್ತು. ಎರಡನೇ ವರ್ಷ ನನ್ನ ಬಳೆ ಹೋಯಿತು, ಮೂರನೇ ವರ್ಷ ತಾಳಿಸರ. ಹನ್ನೊಂದು ಕುಟುಂಬ ಬರುತ್ತಿದ್ದವು. ಆಮೇಲೆ ಪಕ್ಕದ ಸ್ಟೇಷನ್ನಿಗೆ ಒಂದು ದೊಡ್ಡ ಸಭೆ ಬಂತು. ಎಸಿ, ಡ್ರಮ್ಸು, ಕೀಬೋರ್ಡು, ಮಕ್ಕಳಿಗೆ ಬಿಸ್ಕತ್ತು. ನಾಲ್ಕು ಭಾನುವಾರದಲ್ಲಿ ಏಳು ಕುಟುಂಬ ಅಲ್ಲಿದ್ದವು. ಕುರಿ ಕದ್ದರು ಅಂತ ಮನೆಯವರು ಕೊರಗಿದರು. ನಾನು ಹೇಳಿದೆ, ಆ ಹನ್ನೊಂದರಲ್ಲಿ ಆರು ನೀವು ಬೇರೆ ಸಭೆಯಿಂದ ತಂದವೇ ಅಲ್ಲವಾ? ಅವತ್ತು ರಾತ್ರಿ ಊಟ ಮಾಡಲಿಲ್ಲ ಅವರು. ಈಗ ಸೆಕ್ಯೂರಿಟಿ ಕೆಲಸ, ಶುಗರ್ ಬಂದಿದೆ. ದೇವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ 'ನಂಬಿಕೆಯಿಂದ ಇಳಿ' ಅಂತ ವೇದಿಕೆ ಮೇಲಿಂದ ಕೂಗಿದವರಲ್ಲಿ ಒಬ್ಬರೂ ಒಂದು ತಿಂಗಳ ಬಾಡಿಗೆ ಕೊಡಲಿಲ್ಲ.

ಪಿಎಫ್ ಮುಟ್ಟಬೇಡಿ. ಪೌಲನೇ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿದ. ನಿಮಗೆ ಸಿಎನ್‌ಸಿ ಇದೆ.

ಇನ್ನೊಂದು. ಇಷ್ಟು ಬರೆದಿದ್ದೀರಿ, ನಿಮ್ಮ ಹೆಂಡತಿ ಏನಂತಾರೆ ಅಂತ ಒಂದು ಸಾಲೂ ಇಲ್ಲ.

ಖಡಕಿ ಅಯ್ಯನವರು

ತಮ್ಮಾ, ನಾ ಹುಬ್ಬಳ್ಳಿ ಕಡೆಯಾಂವ. ಸಭಾಪಾಲಕನಾಗಿ ಮೂವತ್ತೆಂಟು ವರ್ಷ ಸೇವೆ ಮಾಡಿ ಈಗ ಮಗನ ಮನ್ಯಾಗ ಖಡಕಿಯೊಳಗ ಇದ್ದೇನಿ. ಮ್ಯಾಲಿನ ತಂಗಿ ಹೇಳಿದ್ದು ಖರೆ. ನನ್ನ ಕಣ್ಣ ಮುಂದ ಇಂಥವು ಹತ್ತಾರು ಆಗ್ಯಾವು.

ನೀ 'ಕರೆ ಹೌದೋ ಅಲ್ಲೋ' ಅಂತ ಕೇಳೀದಿ. ನಾ ಕೇಳೋದು, ನಿನ್ನ ಕಳಿಸಾವ್ರು ಯಾರು? ಅಪೊಸ್ತಲರ ಕೃತ್ಯಗಳು 13 ತಗದು ನೋಡು. ಬಾರ್ನಬ, ಸೌಲ ಇಬ್ರೂ ಅಂತಿಯೋಕ್ಯದಾಗ ಆಗಲೇ ದುಡೀತಿದ್ರು. ಆತ್ಮನ ಮಾತು ಬಂದಾಗ ಸಭಿಯ ಪ್ರವಾದಿಗಳು, ಬೋಧಕರು ಉಪವಾಸ ಇದ್ರು, ಸಭಿಯವರ ಎದ್ದು ಕೈಯಿಟ್ಟು ಕಳಿಸಿದ್ರು. 'ನನಗ ದೇವರು ಹೇಳ್ಯಾನ' ಅಂತ ಸೌಲ ಒಬ್ಬನ ಗಂಟು ಕಟ್ಟಿಕೊಂಡು ಹೊಂಟಿಲ್ಲ. 16ನೇ ಅಧ್ಯಾಯದಾಗೂ ಅಷ್ಟ. ಆಸ್ಯಕ್ಕ ಹೋಗಬ್ಯಾಡ ಅಂತ ಒಂದು ತಡಿ, ಬಿಥೂನ್ಯಕ್ಕ ಹೊಂಟ್ರ ಇನ್ನೊಂದು ತಡಿ. ಆಮ್ಯಾಲ ತ್ರೋವದಾಗ ರಾತ್ರಿ ದರ್ಶನ. ದರ್ಶನ ಕಂಡಾಂವ ಪೌಲ ಒಬ್ಬನ, ಆದ್ರ ಅದು ಕರೆ ಅಂತ ನಿಶ್ಚಯ ಮಾಡಿದವರು 'ನಾವು'. ಲೂಕ ಅಲ್ಲಿ ಬಹುವಚನ ಬರದಾನ. ನಾ ಈ ಒಂದು ಅಕ್ಷರದ ಮ್ಯಾಲ ಎಷ್ಟು ಪ್ರಸಂಗ ಮಾಡೇನೋ ಲೆಕ್ಕ ಇಟ್ಟಿಲ್ಲ. ಮಂದಿ ಮಾತ್ರ ದರ್ಶನದ ಭಾಗ ಅಷ್ಟ ನೆನಪಿಡ್ತಾರ.

ಅದಕ್ಕ ಮೊದಲು ನಿಮ್ಮ ಮರಾಠಿ ಸಭಿಯ ಅಯ್ಯನವರ ಹತ್ರ ಹೋಗು, ಕದ್ದು ಮಾಡಬ್ಯಾಡ. ಮೆಥಡಿಸ್ಟ್ ಅಂತೀದಿ, ಅದೊಂದು ಅನುಕೂಲ. ಹಲವು ಸಭಿ ಕೂಡಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) 1947ರಾಗ ಆತು, ದಕ್ಷಿಣದ್ದು. ಹಂಗ ಸಿಎನ್‌ಐ (ಚರ್ಚ್ ಆಫ್ ನಾರ್ತ್ ಇಂಡಿಯಾ) 1970ರಾಗ ನಾಗಪುರದಾಗ ಆತು, ಉತ್ತರದ್ದು. ಧಾರವಾಡದ ಸಿಎಸ್‌ಐ ಹುಡುಗ ಪುಣೆಕ್ಕ ಬಂದ್ರ ಗಡಿ ದಾಟಿ ಬ್ಯಾರೆ ಸಭಿಗೆ ಸೇರಬೇಕಾಗ್ತೈತಿ, ಭಾಷಾನೂ ಬದಲಾಗ್ತೈತಿ. ನಿಮ್ಮ ಅಮೇರಿಕನ್ ಮಿಷನ್ ಮೂಲದ ಮೆಥಡಿಸ್ಟರು ಎರಡೂ ಐಕ್ಯದಿಂದ ಹೊರಗ ಉಳದ್ರು, ಹಿಂಗಾಗಿ ಬೀದರದಾಗೂ ಅದ ಸಭಿ, ಪುಣೆಯಾಗೂ ಅದ ಸಭಿ. ಊರಿನ ಸಭಾಪಾಲಕರಿಂದ ಒಂದು ಪತ್ರ ತರಿಸು, ಇಲ್ಲಿ ಡಿ.ಎಸ್. (ಡಿಸ್ಟ್ರಿಕ್ಟ್ ಸುಪರಿಂಟೆಂಡೆಂಟ್) ಅಯ್ಯನವರನ್ನ ನೋಡು. ಲೋಕಲ್ ಪ್ರೀಚರ್ ಅಂತ ಲೈಸೆನ್ಸ್ ಕೊಡೋ ಪದ್ಧತಿ ನಿಮ್ಮೊಳಗ ಐತಿ. ಕೆಲಸ ಬಿಡದನ ಸೇವಾ ಮಾಡಬಹುದು.

ಓದೋದಾದ್ರ: ಪುಣೆ ಬಿಬವೇವಾಡಿಯಾಗ ಯೂನಿಯನ್ ಬಿಬ್ಲಿಕಲ್ ಸೆಮಿನರಿ ಐತಿ, 1983ರಾಗ ಯವತಮಾಳದಿಂದ ಬಂದದ್ದು, ಪಾಠ ಇಂಗ್ಲಿಷಿನಾಗ. ಕನ್ನಡದಾಗ ಓದಬೇಕಂದ್ರ ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಜಿಕಲ್ ಕಾಲೇಜು. ಈಗ ಅವಸರ ಬ್ಯಾಡ. ಮೊದಲು ಆ ಮೂರನೇ ಚರಣ ಕಲಿ.

ಬೀದರ್–ಭೋಸರಿ

ಅಯ್ನೋರೆ, ಕೊನೇ ಮಾತು ಎದಿಗೆ ನಾಟಿತು. ಅಕ್ಕಾ, ನಿಮ್ಮ ಕತಿ ಎರಡು ಸರ್ತಿ ಓದಿದೆ. ಹೆಂಡತಿ ವಿಷಯ, ಆಕಿಗೆ ಹೇಳೀನಿ, 'ಹ್ಞೂಂ' ಅಂದಾಳ.

ಹಿಂದೆ ಪಾಸ್ಟರಮ್ಮ

ನಾನೂ ಹ್ಞೂಂ ಅಂದಿದ್ದೆ.

ವಾಸ್ಕೋ ಟ್ರಕ್

ನಮಸ್ಕಾರ್ರೀ. ನಾ ಹಾವೇರಿಯಾಂವ, ಗೋವಾ ವಾಸ್ಕೋದಾಗ ಟ್ರಕ್ ಹೊಡೀತೇನಿ. ಬೈನಾ, ಮಾಂಗೋರ್ ಹಿಲ್, ಝುವಾರಿನಗರ, ಎಲ್ಲಿ ನೋಡಿದ್ರೂ ನಮ್ಮ ಕನ್ನಡ ಮಂದಿ. ನಾವು ಎಂಟು ವರ್ಷದ ಹಿಂದ ಹಿಂಗ ಶುರು ಮಾಡಿದ್ವಿ. ನಿಂತೈತಿ, ಆದ್ರ ಒಂದೊಂದು ಸಲ ಕುಂಟತೈತಿ.

ಯಾರೂ ಹೇಳದ ಒಂದು ಮಾತು ಹೇಳ್ತೇನಿ. ಇದು ಗುಳೆ ಬಂದ ಮಂದಿಯ ಸಭಿ. ಜೂನ್ ಬಂತಂದ್ರ ಬಿತ್ತಾಕ ಅರ್ಧ ಸಭಿ ಊರಿಗೆ. ಪಂಚಮಿಗೆ ಹೆಣ್ಣಮಕ್ಕಳು ತವರಿಗೆ. ಏಪ್ರಿಲ್ ಮೇದಾಗ ಮದುವಿ. ಗ್ರಾಮ ಪಂಚಾಯ್ತಿ ಎಲೆಕ್ಷನ್ ಬಂತಂದ್ರ ಕ್ರೂಸರ್ ಗಾಡಿ ಬಂದು ಮಂದೀನ್ನ ತುಂಬ್ಕೊಂಡು ಹೊಕ್ಕೈತಿ, ಪ್ರಸಂಗ ಕೇಳಾಕ ಅಯ್ಯನವರ ಹೇಣ್ತಿ ಒಬ್ಬಾಕಿನ. ನಲವತ್ತು ಮಂದಿ ನಂಬಿ ಬಾಡಿಗಿ ಮಾತಾಡಿದ್ರ ಆರು ತಿಂಗಳು ಕಿಸೆದಿಂದ ಕಟ್ಟೂದು ಆಗ್ತೈತಿ. ನಾವು ಕಟ್ಟೇವಿ.

ಇನ್ನೊಂದು, ಮಣ್ಣು. ಸತ್ತರ ಎಲ್ಲಿ ಹೂಳ್ತೀರಿ? ನಮ್ಮ ಸಭಿಯ ಮುದುಕ ಒಬ್ರು ಜುಲೈ ಮಳಿಯಾಗ ತೀರ್ಕೊಂಡ್ರು. ಊರಿಗೆ ಒಯ್ಯಾಕ ಘಾಟಿನಾಗ ರಸ್ತಾ ಬಂದ್. ಇಲ್ಲಿ ಸಿಮೆಟ್ರಿ ಇರೋರು ತಮ್ಮ ಸಭಿಯ ಸದಸ್ಯರಲ್ಲ ಅಂದ್ರು. ಅವರದೂ ತಪ್ಪಿಲ್ಲ, ಅವರಿಗೇ ಜಾಗಾ ಸಾಲೂದಿಲ್ಲ. ಮಧ್ಯಾಹ್ನದಿಂದ ರಾತ್ರಿ ತನಕ ಹೆಣಾ ಇಟ್ಕೊಂಡು ಕುಂತ್ವಿ. ಕಡೀಕ ಪಕ್ಕದ ಮನಿ ಕೊಂಕಣಿ ಕ್ಯಾಥಲಿಕ್ ಬಾಯಿ ತಮ್ಮ ಪಾದ್ರಿಗೆ ಫೋನ್ ಹಚ್ಚಿ ಅತ್ತಳು ನೋಡ್ರಿ, ಅವರು ಒಂದು ಮೂಲಿ ಕೊಡಿಸಿದ್ರು. ಶೆಡ್ ನೋಡೂಕಿಂತ ಮೊದಲು ಮಣ್ಣು ನೋಡ್ರಿ.

ಕೋಥ್ರೂಡ್ ಕನ್ನಡಿಗ

ನಾನು ಕ್ರೈಸ್ತನಲ್ಲ. ಕನ್ನಡದ ಸಲುವಾಗಿ ಇಲ್ಲಿ ಓದುತ್ತೇನೆ, ಈ ಎಳೆ ಕಣ್ಣಿಗೆ ಬಿತ್ತು. ಒರಟು ಪ್ರಶ್ನೆ, ಕ್ಷಮಿಸಿ. ಊರು ಬಿಟ್ಟು ಬಂದವರು, ಗೌಂಡಿ ಕೆಲಸದವರು, ಗಂಡನನ್ನು ಕಳೆದುಕೊಂಡವಳು. ಇಂಥವರ ದುಃಖದ ಹೊತ್ತಿಗೆ ಸರಿಯಾಗಿ ಹೋಗಿ ನಿಲ್ಲುವುದು ಸೇವೆಯೋ ಬಲೆಯೋ? ಕನ್ನಡ ಬೇಕೆಂದರೆ ಸಂಘಗಳಿವೆ. ಸಭೆಯೇ ಯಾಕೆ?

ಬೀದರ್–ಭೋಸರಿ

ಸಿಟ್ಟಿಲ್ಲ ಸರ್, ನೀವು ಎದುರಿಗೇ ಕೇಳೀರಿ. ಆಕಿ ಮೊದಲೇ ವಿಶ್ವಾಸಿ, ಊರಾಗ ಅವರ ಅಪ್ಪ ಸಭೆಗೆ ಗಂಟೆ ಹೊಡೀತಿದ್ರು. ನಾನು ಆಕಿಗೆ ಏನೂ ಕೊಟ್ಟಿಲ್ಲ, ಅರ್ಧ ಹಾಡು ಬಿಟ್ರ. ಸಂಘದ ಕಾರ್ಯಕ್ರಮಕ್ಕ ಒಮ್ಮೆ ಹೋಗಿದ್ದೆ, ಕೋಟು ಹಾಕಿದವರ ನಡುವ ಎಲ್ಲಿ ಕೂಡಬೇಕು ಅಂತ ತಿಳೀಲಿಲ್ಲ. ಅದು ನನ್ನ ಸಂಕೋಚ, ಅವರ ತಪ್ಪಲ್ಲ.

ಕೋಥ್ರೂಡ್ ಕನ್ನಡಿಗ

ಸಂಘದ ಬಗ್ಗೆ ನೀವು ಹೇಳಿದ್ದು ಒಪ್ಪುತ್ತೇನೆ. ಉಳಿದದ್ದು ಒಪ್ಪಿಲ್ಲ, ಆದರೆ ಓದುತ್ತಿರುತ್ತೇನೆ.

ಟ್ರಸ್ಟ್ ಲೆಕ್ಕಿಗ

ಕೋಥ್ರೂಡಿನವರ ಪ್ರಶ್ನೆಯನ್ನು ತಳ್ಳಿಹಾಕಬೇಡಿ. ಕಾನೂನೂ ಅಲ್ಲೇ ಕೈಯಿಟ್ಟಿದೆ. ಸಂವಿಧಾನದ 25ನೇ ವಿಧಿ ಧರ್ಮವನ್ನು ಪ್ರಚಾರ ಮಾಡುವ ಹಕ್ಕು ಕೊಡುತ್ತದೆ. ಆದರೆ 1977ರ ಸ್ಟಾನಿಸ್ಲಾಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಪ್ರಚಾರದ ಹಕ್ಕೆಂದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲ ಎಂದಿತು. ನಂಬಿಕೆಯನ್ನು ವಿವರಿಸಬಹುದು, ಅಲ್ಲಿಗೆ ನಿಲ್ಲಬೇಕು. ರೇಷನ್ ಕಿಟ್ಟು, ಫೀಸು, ಆಸ್ಪತ್ರೆ ಬಿಲ್ಲು ಇವನ್ನು ಪ್ರಾರ್ಥನೆ ಕೂಟದ ಜೊತೆ ಗಂಟು ಹಾಕಲೇಬೇಡಿ.

ಹೊಸದಾಗಿ ದೀಕ್ಷಾಸ್ನಾನ ಕೇಳಿಕೊಂಡು ಬಂದವರು ಪರಿಶಿಷ್ಟ ಜಾತಿಯವರಾಗಿದ್ದರೆ ಅವರಿಗೆ ಒಂದು ವಿಷಯ ಮೊದಲೇ ಹೇಳಬೇಕು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಧರ್ಮ, 1956ರಿಂದ ಸಿಖ್, 1990ರಿಂದ ಬೌದ್ಧ ಧರ್ಮ ಬಿಟ್ಟು ಬೇರೆ ಧರ್ಮ ಅವಲಂಬಿಸಿದವರಿಗೆ ಎಸ್‌ಸಿ ಸ್ಥಾನ ಇಲ್ಲ. ಮಗನ ಸೀಟು, ಮಗಳ ಸ್ಕಾಲರ್‌ಶಿಪ್ಪು ಇದರ ಮೇಲೆ ನಿಂತಿರುತ್ತದೆ. ಇದು ನ್ಯಾಯವೋ ಅಲ್ಲವೋ ಬೇರೆ ಮಾತು. ನೀರಿಗಿಳಿಸಿದ ಮೇಲೆ ಗೊತ್ತಾಗುವುದು ಅನ್ಯಾಯ. ಅನೇಕ ಪಾಸ್ಟರುಗಳು ಈ ಮಾತೇ ಎತ್ತುವುದಿಲ್ಲ, ನನಗೆ ಇದರ ಮೇಲೆ ತುಂಬ ಬೇಸರ ಇದೆ.

ಇನ್ನು ಕಾಗದದ ಕೆಲಸ. ಹತ್ತು ಜನ ಮನೆಯಲ್ಲಿ ಕೂತು ಪ್ರಾರ್ಥಿಸುವುದಕ್ಕೆ ನೋಂದಣಿ ಬೇಡ. ಕಾಣಿಕೆ ಕೂಡಿಸಿ, ಬ್ಯಾಂಕ್ ಖಾತೆ ತೆರೆದು, ಆಸ್ತಿ ಮಾಡುವುದಾದರೆ ಮಹಾರಾಷ್ಟ್ರದಲ್ಲಿ 1950ರ ಪಬ್ಲಿಕ್ ಟ್ರಸ್ಟ್ಸ್ ಆ್ಯಕ್ಟ್ ಅಡಿ ಚಾರಿಟಿ ಕಮಿಷನರ್ ಕಚೇರಿಯಲ್ಲಿ ನೋಂದಾಯಿಸಬೇಕು. ಟ್ರಸ್ಟಿ ಬದಲಾದರೆ ಚೇಂಜ್ ರಿಪೋರ್ಟು ಹಾಕಬೇಕು. ಜಾಗ ಮಾರಬೇಕಾದರೆ 36ನೇ ಕಲಮಿನ ಅನುಮತಿ. ದಯವಿಟ್ಟು ನೀವು, ನಿಮ್ಮ ಹೆಂಡತಿ, ನಿಮ್ಮ ಭಾವ ಮೂವರೇ ಟ್ರಸ್ಟಿಗಳಾಗಬೇಡಿ. ಅದು ಸಭೆಯಲ್ಲ, ಅಂಗಡಿ. ಒಂದೇ ಧರ್ಮದವರಿಗಾಗಿ ಇರುವ ಟ್ರಸ್ಟಿಗೆ ದೇಣಿಗೆಯ ಮೇಲಿನ 80ಜಿ ತೆರಿಗೆ ರಿಯಾಯಿತಿ ಸಿಗುವುದಿಲ್ಲ, 'ಟ್ಯಾಕ್ಸ್ ಉಳಿಯುತ್ತೆ' ಅಂತ ಹೇಳಿ ಯಾರಿಂದಲೂ ಹಣ ತೆಗೆದುಕೊಳ್ಳಬೇಡಿ. ವಿದೇಶದಿಂದ ಯಾರೋ ಕಳಿಸುತ್ತಾರೆ ಅಂದರೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದೆ ಒಂದು ರೂಪಾಯಿಯೂ ಮುಟ್ಟುವಂತಿಲ್ಲ.

ಮದುವೆ ವಿಷಯವೂ ಹೇಳಿಬಿಡುತ್ತೇನೆ. ಪಾಸ್ಟರ್ ಅಂತ ಬೋರ್ಡು ಹಾಕಿಕೊಂಡ ಮಾತ್ರಕ್ಕೆ ಮದುವೆ ಮಾಡಿಸಲು ಬರುವುದಿಲ್ಲ. 1872ರ ಇಂಡಿಯನ್ ಕ್ರಿಶ್ಚಿಯನ್ ಮ್ಯಾರೇಜ್ ಆ್ಯಕ್ಟ್ ಪ್ರಕಾರ ಆ ಅಧಿಕಾರ ಇರುವವರೇ ಮಾಡಿಸಬೇಕು, ಸ್ವತಂತ್ರ ಸಭೆಯವರಾದರೆ ಸರ್ಕಾರದ ಲೈಸೆನ್ಸು ಬೇಕು. ಒಂದು ಜೋಡಿಯ ಸರ್ಟಿಫಿಕೇಟು ಪಾಸ್‌ಪೋರ್ಟ್ ಕಚೇರಿಯಲ್ಲಿ ನಡೆಯದೆ ಅವರು ನನ್ನ ಟೇಬಲ್ ಮುಂದೆ ಕೂತು ಅತ್ತದ್ದು ನೆನಪಿದೆ. ಮದುವೆಯಾಗಿ ಆರು ವರ್ಷ ಆಗಿತ್ತು.

ಸ್ತುತಿ ಸ್ತೋತ್ರ

ಇಷ್ಟೆಲ್ಲ ಕಲಮು ನೋಡಿಕೊಂಡು ಕೂತಿದ್ದರೆ ಅಪೊಸ್ತಲರು ಯೆರೂಸಲೇಮ್ ಬಿಟ್ಟು ಹೊರಡುತ್ತಿರಲಿಲ್ಲ.

ಟ್ರಸ್ಟ್ ಲೆಕ್ಕಿಗ

ಪೌಲ ರೋಮ್ ಪೌರತ್ವದ ಕಾಗದ ಎಷ್ಟು ಸಲ ಎತ್ತಿ ತೋರಿಸಿದ ಅಂತ ಎಣಿಸಿ ನೋಡಿ.

ಪುಣೇಲೇ ಹುಟ್ದೋಳು

ಹಾಯ್. ನನಗೆ ಕನ್ನಡ ಓದೋಕೆ ಬರಲ್ಲ. ಈ ಎಳೆಯನ್ನ ಅಪ್ಪ ಓದಿ ಹೇಳಿದ್ರು, ನಾನು ಫೋನಲ್ಲಿ ಮಾತಾಡಿ ಟೈಪ್ ಮಾಡಿಸ್ತಿದೀನಿ. ತಪ್ಪಿದ್ರೆ ನಗಬೇಡಿ.

ನಾನು ಯೆರವಡಾದಲ್ಲಿ ಬೆಳೆದೋಳು, ಅಪ್ಪ ಅಮ್ಮ ಕಲಬುರಗಿ. ಚಿಕ್ಕವಳಿದ್ದಾಗ ಹೀಗೇ ಒಂದು ಕನ್ನಡ ಕೂಟಕ್ಕೆ ಎಳ್ಕೊಂಡು ಹೋಗೋರು. ಮೂರು ತಾಸು. ಪ್ರಸಂಗದಲ್ಲಿ 'ಪ್ರಾಯಶ್ಚಿತ್ತ', 'ಸಮಾಧಾನಪಡಿಸಿದಾತನು', ಒಂದೂ ತಿಳೀತಿರ್ಲಿಲ್ಲ. ನಾವು ಮಕ್ಕಳು ಹಿಂದೆ ಕೂತು ಚಪ್ಪಲಿ ಎಣಿಸ್ತಿದ್ವಿ. ಮನೇಲಿ ಕನ್ನಡ ಮಾತಾಡ್ತೀನಿ, ಜಗಳ ಆಡೋದು ಮರಾಠಿಯಲ್ಲಿ, ಪ್ರಾರ್ಥನೆ ಮಾಡೋದೂ ಮರಾಠಿಯಲ್ಲಿ. ಈಗ ಸಭೆಗೇ ಹೋಗಲ್ಲ. ಅಂಕಲ್, ನಿಮ್ಮ ಕನ್ನಡ ಸಭೆ ನಿಮಗೆ ಊರು ನೆನಪಾಗೋಕೆ ಬೇಕು, ಓಕೆ. ನಿಮ್ಮ ಮಗಳು ಅಲ್ಲಿ ಚಪ್ಪಲಿ ಎಣಿಸ್ತಾ ಕೂರ್ತಾಳೆ.

ಬೀದರ್–ಭೋಸರಿ

ತಂಗಿ, ನಿನ್ನ ಮಾತಿಗೆ ಉತ್ತರ ಇಲ್ಲ ನನ್ನ ಹತ್ರ. ನನ್ನ ಮಗಳಿಗೆ ಹನ್ನೊಂದು. ನಿನ್ನೆ ರಾತ್ರಿ ಊಟಕ್ಕ ಕುಂತಾಗ ಪ್ರಾರ್ಥನೆ ಮಾಡು ಅಂದೆ, ಮರಾಠಿಯಾಗೇ ಮಾಡಿದಳು.

ಮಾಟುಂಗ ಟೀಚರ್

ಮಗಳೇ, ನೀನು ಹೇಳಿದ್ದರಲ್ಲಿ ನಗುವಂಥದ್ದು ಏನೂ ಇಲ್ಲ. ನಾನು ಮುಂಬೈಯ ಮುನ್ಸಿಪಾಲಿಟಿ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವಳು. ಸೇರಿದಾಗ ತರಗತಿಯಲ್ಲಿ ಕೂರಲು ಜಾಗ ಇರಲಿಲ್ಲ, ನಿವೃತ್ತಿಯ ವರ್ಷ ಒಂಬತ್ತು ಮಕ್ಕಳು. ಅದರಲ್ಲಿ ಇಬ್ಬರು ಬರುತ್ತಿದ್ದುದು ಮಧ್ಯಾಹ್ನದ ಊಟಕ್ಕೆ.

ಈ ಭಾಷೆಯ ತೊಡಕು ಹೊಸತಲ್ಲ ಮಾರಾಯ್ರೆ. ಪುಣೆಯಿಂದ ದೌಂಡ್ ಹಾದಿಯಲ್ಲಿ ಕೇಡಗಾಂವ್ ಉಂಟಲ್ಲ, ಅಲ್ಲಿ ಮುಕ್ತಿ ಮಿಷನ್ ಕಟ್ಟಿದ ಪಂಡಿತಾ ರಮಾಬಾಯಿ 1858ರಲ್ಲಿ ಹುಟ್ಟಿದ್ದು ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಸಂಸ್ಕೃತದ ಪಂಡಿತೆ. ಆದರೆ ಆಗ ಇದ್ದ ಮರಾಠಿ ಬೈಬಲ್ ತನ್ನ ಆಶ್ರಮದ ಹಳ್ಳಿ ಹೆಂಗಸರಿಗೆ ತಲೆಗೆ ಹೋಗುವುದಿಲ್ಲ ಎಂದು ಹೀಬ್ರೂ, ಗ್ರೀಕ್ ಕಲಿತು ಸರಳ ಮರಾಠಿಯಲ್ಲಿ ತಾನೇ ಅನುವಾದಕ್ಕೆ ಕೂತಳು. 1922ರಲ್ಲಿ ತೀರಿಕೊಳ್ಳುವ ವರೆಗೆ ಅದೇ ಕೆಲಸ. ಮರಾಠಿ ಕವಿ ನಾರಾಯಣ ವಾಮನ ಟಿಳಕರು ಕ್ರೈಸ್ತರಾದ ಮೇಲೆ ಮಿಷನರಿಗಳ ರಾಗದ ಬದಲು ಅಭಂಗ, ಕೀರ್ತನೆ ಹಿಡಿದರು. ಹಾಗಾಗಿ ಬೀದರಿನವರೆ, ನಿಮ್ಮ ಕೂಟದಲ್ಲಿ ಅಜ್ಜಿ ಭಜನೆಯ ಧಾಟಿಯಲ್ಲಿ ಹಾಡಿದರೆ ತಡೆಯಬೇಡಿ, ಈ ಹುಡುಗಿ ಮರಾಠಿಯಲ್ಲಿ ಪ್ರಾರ್ಥಿಸಿದರೂ ತಡೆಯಬೇಡಿ. ಶುದ್ಧ ಕನ್ನಡದ ಸಭೆ ಅಂತ ಹಟ ಹಿಡಿದರೆ ಇಪ್ಪತ್ತು ವರ್ಷಕ್ಕೆ ಬಾಗಿಲು ಹಾಕಬೇಕಾಗುತ್ತದೆ, ನನ್ನ ಶಾಲೆಯ ಹಾಗೆ.

ಇನ್ನೊಂದು ನನ್ನ ಮನೆಯ ಮಾತು. ನಾವು ಬಾಸೆಲ್ ಮಿಷನಿನವರು. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಸಭೆ ಸೇರಿದವರನ್ನು ಮನೆಯಿಂದಲೂ ಕಸುಬಿನಿಂದಲೂ ಹೊರಗೆ ಹಾಕಿದಾಗ ಮಗ್ಗ ಹಾಕಿಕೊಟ್ಟರು, 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಮಾಡಿದರು. ನನ್ನ ಮುತ್ತಜ್ಜ ಅಲ್ಲಿ ಮಣ್ಣು ತುಳಿದವರು. ಒಳ್ಳೆಯದೇ. ಆದರೆ ಭಾನುವಾರ ಪ್ರಸಂಗ ಮಾಡುವವನೂ ಸೋಮವಾರ ಸಂಬಳ ಕೊಡುವವನೂ ಒಬ್ಬನೇ ಆದರೆ ನಾಲಗೆ ಕಟ್ಟಿಹೋಗುತ್ತದೆ. 1914ರ ಯುದ್ಧ ಬಂದು ಬ್ರಿಟಿಷರು ಜರ್ಮನ್ ಮಿಷನರಿಗಳನ್ನು ಹಿಡಿದಿಟ್ಟು ಕಾರ್ಖಾನೆ ವಶಮಾಡಿಕೊಂಡಾಗ, ನಮ್ಮವರು ಒಮ್ಮೆಲೇ ತಬ್ಬಲಿಗಳಾದರಂತೆ. ನೀವು ಮುಕಾದಮರ ಹತ್ತಿರ ಹುಡುಗರಿಗೆ ಕೆಲಸ ಕೊಡಿಸುವವರಾದರೆ, ದಯಮಾಡಿ ಅವರ ಸಭಾಪಾಲಕ ನೀವಾಗಬೇಡಿ.

ಖಡಕಿ ಅಯ್ಯನವರು

ಟೀಚರ್‌ಬಾಯಿ, ಆ ಕಡೀ ಮಾತಿಗೆ ಇನ್ನೊಂದು ಸೇರಸ್ತೇನಿ. 1870ರ ದಶಕದ ಆರಂಭದಾಗ ಮುಂಬೈಯೊಳಗ ಅಮೇರಿಕದ ವಿಲಿಯಂ ಟೇಲರ್ ಮೆಥಡಿಸ್ಟ್ ಸಭಿ ಶುರು ಮಾಡಿದಾಗ, 'ಹೊರಗಿನ ಮಿಷನ್ ರೊಕ್ಕ ಬ್ಯಾಡ, ಸಭಿ ತನ್ನ ಕಾಲ ಮ್ಯಾಲೆ ನಿಲ್ಲಬೇಕು' ಅಂತ ಹಿಡದು ಕುಂತ. ಮನಿಮನಿಯೊಳಗ ಸಣ್ಣ ಸಣ್ಣ ಕೂಟ, ಗುಡಿ ಆಮ್ಯಾಲ. ನಮ್ಮ ತಮ್ಮ ಶೆಡ್ಡಿನಿಂದ ಶುರು ಮಾಡಾಕ ಹೊಂಟಾನ, ಉಲ್ಟಾ.

ಬೀದರ್–ಭೋಸರಿ

ಇದು ಅವರಲ್ಲ, ಅವರ ಮನಿಯಾಕಿ ಬರೀಲಾಕತ್ತೀನಿ. ಅವರು ನೈಟ್ ಶಿಫ್ಟ್ ಮುಗಿಸಿ ಮಲಗ್ಯಾರ, ಫೋನ್ ಬಿಚ್ಚೇ ಇತ್ತು. ಎಲ್ಲಾ ಓದಿದೆ. ಓದೋ ತನಕ ಅನ್ನ ತಳ ಹತ್ತಿತು.

ಮುಂಬೈ ಅಕ್ಕ ಕೇಳ್ಯಾರ, ಹೆಂಡತಿ ಏನಂತಾಳ ಅಂತ. ನಾ ಹೇಳ್ತೀನಿ. ನಮ್ಮ ಖೋಲಿ ಹತ್ತು ಬೈ ಹನ್ನೆರಡು. ಅದರಾಗೇ ಒಲಿ, ಅದರಾಗೇ ಕಾಟು, ಮೂಲ್ಯಾಗ ನೀರಿನ ಪಿಂಪು. ಸಂಡಾಸ ಚಾಳಿಗೆಲ್ಲ ಕೂಡಿ ನಾಕು. ನಾ ಮೂರು ಮನಿ ಸೈಪಾಕ ಮಾಡಿ ಹನ್ನೆರಡಕ್ಕ ಬರ್ತೀನಿ. ಇಪ್ಪತ್ತು ಮಂದಿ ಬಂದ್ರ ಚಾ ಯಾರು ಮಾಡ್ತಾರ, ಕಪ್ ಯಾರು ತೊಳೀತಾರ? ಇವರು ಕರೆ ಕರೆ ಅಂತಾರ, ನನಗ ಮೊದಲು ಕಾಣೋದು ಕಪ್ಪು.

ಇನ್ನೊಂದು ಇವರಿಗೂ ಪೂರಾ ಗೊತ್ತಿಲ್ಲ. ಆ ಹುಡುಗನ ಹೆಂಡತಿ ಊರಿಗೆ ಹೋಗಿ ಎರಡು ತಿಂಗಳಿಗೆ ವಾಪಸ್ ಬಂದಾಳ, ಅತ್ತಿ ಮನ್ಯಾಗ ಇಟ್ಕೊಳ್ಳಲಿಲ್ಲ. ಮೋಶಿಯಾಗೇ ಇರ್ತಾಳ. ಗುರುವಾರ ನಮ್ಮ ಕಡೆ ವರ್ಕ್‌ಶಾಪಿಗೆ ಸುಟ್ಟಿ, ಗಂಡಸರು ಮಲಗಿರ್ತಾರ ಇಲ್ಲಂದ್ರ ಪ್ಯಾಟಿಗೆ ಹೋಗ್ತಾರ. ಅವತ್ತು ಆಕಿ ಕೂಸು ಕಟಗೊಂಡು ಬರ್ತಾಳ. ಚಾಳಿನ ಹಿಂದ ನಳದ ಕಟ್ಟಿ ಅದ. ಆಕಿ, ನಾನು, ಯಾದಗಿರಿ ಇಬ್ಬರು ಅಕ್ಕತಂಗಿಯರು, ಒಬ್ಬಾಕಿ ಮುದುಕಿ. ಅರಿವಿ ಒಗೀತಾ ಹಾಡ್ತೀವಿ. ಮುದುಕಿಗೆ ಹಾಡು ಎಲ್ಲಾ ಬರ್ತಾವ. ಇವರು ಮರ್ತ ಮೂರನೇ ಚರಣ ನನಗ ಜನವರಿಯಾಗೇ ಬಂದದ. ಕೇಳಿದ್ರ ಹೇಳ್ತಿದ್ದೆ.

ಹಿಂದೆ ಪಾಸ್ಟರಮ್ಮ

ಅಯ್ಯನವರೇ, ನಿಮ್ಮ 16ನೇ ಅಧ್ಯಾಯವನ್ನು ಇನ್ನೂ ಸ್ವಲ್ಪ ಮುಂದಕ್ಕೆ ಓದಿ. ದರ್ಶನದಲ್ಲಿ ಕರೆದದ್ದು ಮಕೆದೋನ್ಯದ ಗಂಡಸು. ಪೌಲ ಹೋಗಿ ನೋಡಿದರೆ ಹೊಳೆದಂಡೆಯಲ್ಲಿ ಆಗಲೇ ಕೂತಿದ್ದವರು ಹೆಂಗಸರು.

ಖಡಕಿ ಅಯ್ಯನವರು

ಸೋತೆ ತಾಯಿ.

ವಾಸ್ಕೋ ಟ್ರಕ್

ತಂಗಿ, ಅನ್ನ ತಳ ಹತ್ತಿದ್ದಕ್ಕ ನಮ್ಮೆಲ್ಲರ ಪರವಾಗಿ ಕ್ಷಮಾ ಇರಲಿ.

ಬೀದರ್–ಭೋಸರಿ

ಐದು ವಾರ ಆಯ್ತು. ಏನಾಯ್ತು ಅಂತ ಕೇಳಿ ಇಬ್ಬರು ಮೆಸೇಜ್ ಹಾಕ್ಯಾರ, ಅದಕ್ಕ ಬರೀತೀನಿ.

ಶೆಡ್ ಬಿಟ್ಟೆ. ಕೆಲಸ ಬಿಟ್ಟಿಲ್ಲ. ಮರಾಠಿ ಸಭೆಯ ಅಯ್ನೋರ ಹತ್ರ ಹೋಗುವಾಗ ಕೈಕಾಲು ನಡುಗ್ತಿದ್ವು, ದ್ರೋಹ ಮಾಡಿದಂಗ. ಅವರು ಎಲ್ಲಾ ಕೇಳಿ, 'ಇಷ್ಟು ದಿನ ಯಾಕ ಹೇಳಲಿಲ್ಲ?' ಅಂದ್ರು. ಕಮಿಟಿಯೊಳಗ ಒಬ್ಬರು ಬ್ಯಾಡ ಅಂದ್ರು, 'ಇವತ್ತು ಕನ್ನಡ, ನಾಳೆ ತೆಲುಗು' ಅಂತ. ಎರಡು ಮೀಟಿಂಗ್ ಆದವು. ಕಡೀಕ ಗುರುವಾರ ಸಂಜಿ ಸಂಡೇ ಸ್ಕೂಲ್ ಖೋಲಿ ಕೊಟ್ಟಾರ, ಆರರಿಂದ ಎಂಟು. ಮೈಕ್ ಇಲ್ಲ, ಕಾಣಿಕೆ ಅವರ ಪುಸ್ತಕದಾಗೇ ಬರೀಬೇಕು, ಮೂರು ತಿಂಗಳಿಗೆ ಒಮ್ಮೆ ಕಮಿಟಿ ನೋಡ್ತದ. ಸಿಮೆಟ್ರಿ ಮಾತು ನಾನೇ ಎತ್ತಿದೆ, ವಾಸ್ಕೋ ಅಣ್ಣಾ. ಸದಸ್ಯತ್ವ ಬರೆಸಿದವರಿಗೆ ಜಾಗ ಅದ ಅಂದ್ರು. ಇನ್ನೂ ಹನ್ನೆರಡು ಮಂದಿಯದು ಊರಿಂದ ಪತ್ರ ಬರಬೇಕು. ಡಿ.ಎಸ್. ಅಯ್ನೋರು ಲೋಕಲ್ ಪ್ರೀಚರ್ ವಿಷಯಕ್ಕ 'ವರ್ಷ ಆಗಲಿ, ನೋಡೂಣು' ಅಂದಾರ.

ಮೊದಲ ಗುರುವಾರ ಮಳಿ. ಒಂಬತ್ತು ಮಂದಿ, ನಾಕು ಕೂಸು. ಸಣ್ಣ ಮಕ್ಕಳ ಬೆಂಚು, ಮೊಣಕಾಲು ಎದಿಗೆ ಹತ್ತಿದ್ವು. ಪ್ರಸಂಗ ನಾನು ಮಾಡಲಿಲ್ಲ, ಖಡಕಿ ಅಯ್ನೋರು ಎರಡು ಬಸ್ ಬದಲಿಸಿ ಬಂದಿದ್ರು. ಹಾಡು ಮುದುಕಿ ಎತ್ತಿದಳು. ಮಗಳು ಮರಾಠಿಯಾಗೇ ಪ್ರಾರ್ಥನೆ ಮಾಡಿದಳು, ಮುದುಕಿ ಗಟ್ಟಿಯಾಗಿ ಆಮೆನ್ ಅಂದಳು. ಆಕಿಗೆ ಮರಾಠಿ ಒಂದಕ್ಷರ ಬರಲ್ಲ. ಎರಡನೇ ವಾರ ಐದೇ ಮಂದಿ. ಮೂರನೇ ವಾರ ಹದಿನಾಕು. ನಾಲ್ಕನೇದಕ್ಕ ನನಗೇ ಓವರ್‌ಟೈಮ್, ನಾನೇ ಹೋಗಲಿಲ್ಲ. ಮನಿಯಾಕಿ ನಡೆಸಿದಳು. ಕೇಳಿದ್ರ 'ಚಲೋ ಆಯ್ತು' ಅಂದಳು, ಅಷ್ಟೇ.

ಕಪ್ ನಾನು ತೊಳೀತೀನಿ.

ಕೋಥ್ರೂಡ್ ಸರ್, ನೀವು ಇನ್ನೂ ಓದ್ತಿದ್ರ: ಹೊಸಬರು ಇಬ್ಬರು ಬಂದು ಹೆಸರು ಬರಕೋರಿ ಅಂದ್ರು. ಲೆಕ್ಕಿಗರು ಹೇಳಿದ 1950ರ ಎಸ್‌ಸಿ ಆದೇಶದ ವಿಷಯ ಬಿಡಿಸಿ ಹೇಳಿದೆ. ಒಬ್ಬ ಮತ್ತ ಬರಲಿಲ್ಲ. ಇನ್ನೊಬ್ಬ ಬಂದು ಹಿಂದ ಕೂಡ್ತಾನ, ಏನೂ ಕೇಳಲ್ಲ.

ಈಗ ಒಂದು ಸಹಾಯ. ಹಾಡಿನ ಪುಸ್ತಕ ಒಂದೇ ಅದ, ಮುದುಕಿಯದು, ರಟ್ಟು ಹೋಗ್ಯಾದ. ಬೀದರ್ ಕಡೆಯವರು ಯಾರಾದ್ರೂ ದಪ್ಪ ಅಕ್ಷರದ್ದು ಹತ್ತು ಪುಸ್ತಕ ಕಳಸ್ತೀರೇನು? ರೊಕ್ಕ ಮೊದಲೇ ಹಾಕ್ತೀನಿ.

ಪುಣೇಲೇ ಹುಟ್ದೋಳು

ಅಂಕಲ್, ಒಂದು ಪುಸ್ತಕ ಕಳಿಸಿದ್ರೆ ನಾನು ಮರಾಠಿ ಅಕ್ಷರದಲ್ಲಿ ಬರೆದು ಕೊಡ್ತೀನಿ. ಅಪ್ಪ ಓದ್ತಾರೆ, ನಾನು ಬರೀತೀನಿ. ಬರ್ತೀನಿ ಅಂತ ಅಲ್ಲ.

ಹುಮನಾಬಾದ್ ಬುಕ್ಸ್ಟಾಲ್

ದಪ್ಪ ಅಕ್ಷರದ್ದು ಏಳೇ ಉಳದಾವ. ಶನಿವಾರ ರಾತ್ರಿ ಟ್ರಾವೆಲ್ಸ್ ಬಸ್ಸಿಗೆ ಹಾಕ್ತೀನಿ, ರವಿವಾರ ಮುಂಜಾನೆ ನಾಶಿಕ್ ಫಾಟಾದಾಗ ಇಳಿಸ್ಕೋರಿ. ಗಂಟಿನ ಮ್ಯಾಲ ನಿಮ್ಮ ನಂಬರ್ ಬರೀಬೇಕು, ಡ್ರೈವರ್ ನಿಲ್ಲಲ್ಲ. ಮಳಿಗೆ ಪ್ಲಾಸ್ಟಿಕ್ ಸುತ್ತೀನಿ.